ಕೌಶಲ್ಯಾ ಬರೆದ ಆಟ

ಎಂಬತ್ತರ ದಶಕದ ಕೊನೆಯಲ್ಲಿ ಜಹೀರಾಬಾದಿನಲ್ಲಿ ಆತ್ಮಾರಾಮ ಮತ್ತವನ ಹೆಂಡತಿ ಕೌಶಲ್ಯಾ ಕಂಪ್ಯೂಟರ್ ಕಲಿಸುತ್ತಿದ್ದರು. ಟೈಪಿಂಗ್ ಕಲಿಯುವವರಿಗೆಂದು ಕೌಶಲ್ಯಾ ತಾನೇ ಒಂದು ಆಟ ಬರೆದಿದ್ದಳು. ಪರದೆಯ ಮೇಲಿಂದ ಅಕ್ಷರಗಳು ಮೆಲ್ಲಗೆ ಉದುರುತ್ತಿದ್ದವು. ಒಂದೊಂದೂ ಕೆಳಗೆ ಬೀಳುವ ಮೊದಲೇ ಅದರ ಕೀ ಒತ್ತಬೇಕು.

ಕಾಮಾಲೆಯಾಗಿ ಆಕೆ ತೀರಿಕೊಂಡಳು. ಆಕೆ ಕೂತು ಆಟ ಬರೆದ ಹಳೆಯ ಕಂಪ್ಯೂಟರ್ ಬಿಟ್ಟು ಹೊಸ ಪ್ರೊಸೆಸರಿನ ಯಂತ್ರ ತರಲು ಆತ್ಮಾರಾಮನಿಗೆ ಮನಸ್ಸೇ ಬರಲಿಲ್ಲ.

"ಹೈದ್ರಾಬಾದದಾಗ ಎಲ್ಲಾ ಹೊಸಾವೇ ಅವರಿ ಸರ್. ಇದರ ಮ್ಯಾಲ ಕಲ್ತರ ನಮಗ್ಯಾರು ನೌಕರಿ ಕೊಡ್ತಾರ್ರಿ?" ಎಂದು ವಿದ್ಯಾರ್ಥಿನಿ ಈಶಮ್ಮ ಕೇಳಿದ ಮೇಲೆ, ಹಳೆಯದನ್ನು ಕೊಟ್ಟು ಹೊಸದು ತಂದ.

ಮೊದಲು ಹಾಕಿದ್ದು ಹೆಂಡತಿಯ ಆಟವನ್ನೇ. ಅದನ್ನು ಹಳೆಯ ಯಂತ್ರದ ನಿಧಾನಕ್ಕೆ ಹೊಂದಿಸಿ ಬರೆದಿದ್ದಳು; ಹೊಸ ಯಂತ್ರದ ವೇಗಕ್ಕೆ ಅಕ್ಷರಗಳೆಲ್ಲ ಕಣ್ಣಿಗೆ ಕಾಣುವ ಮೊದಲೇ ಉದುರಿ ಆಟ ಮುಗಿದುಹೋಯಿತು.

"ಇನ್ನೊಮ್ಮೆ ಹಾಕ್ರಿ ಸರ್," ಎಂದಳು ಈಶಮ್ಮ.

"ಬ್ಯಾಡವಾ. ಇದನ್ನ ತಿದ್ದಾಕ ಆಕೀನೇ ಬೇಕಿತ್ತು," ಎಂದು ಆತ್ಮಾರಾಮ ಮುಖ ತಿರುಗಿಸಿಕೊಂಡ.