ದುಗ್ಗಾದಲ್ಲಿ ಇಳಿಹೊತ್ತು

ಶೆದ್ಲಿಯ ಕಣ್ಣು ಪದೇ ಪದೇ ಸೂರ್ಯನ ಕಡೆಗೇ ಹೋಗುತ್ತಿತ್ತು. ದುಗ್ಗಾದ ರೋಮನ್ ಗುಡಿಯ ಕಂಬಗಳ ನೆರಳು ಆಗಲೇ ಆಲಿವ್ ತೋಪಿನತ್ತ ಚಾಚಿಕೊಂಡಿತ್ತು. ಜೊತೆಗೆ ಬಂದ ಗೆಳೆಯರಿಬ್ಬರಿಗೆ ಮಾತ್ರ ಏಳುವ ಮನಸ್ಸೇ ಇರಲಿಲ್ಲ.

ಕೆಫ್ ಊರಿನಿಂದ ರಾಜಧಾನಿ ಟ್ಯುನಿಸ್‌ಗೆ ಬಾಡಿಗೆ ವ್ಯಾನ್ ಓಡಿಸುತ್ತಲೇ ಶೆದ್ಲಿಯ ತಲೆ ನರೆತಿತ್ತು. ‘ಶೆದ್ಲಿ ಗಾಡಿ ಬರಲಿ’ ಎಂದು ಬೇರೆ ವ್ಯಾನುಗಳನ್ನು ಬಿಟ್ಟು ಕಾಯುವ ಮುದುಕರಿದ್ದರು, ಬಸುರಿಯರಿದ್ದರು. ಆದರೆ ಈ ಬೇಸಿಗೆಯಿಂದೀಚೆಗೆ ಮುಸ್ಸಂಜೆಯಾದರೆ ರಸ್ತೆ ಮಬ್ಬಾಗುತ್ತಿತ್ತು. ಎದುರಿನಿಂದ ದೀಪ ಬಂದರಂತೂ ಎಲ್ಲವೂ ಬರೀ ಬೆಳ್ಳಗೆ. ಹೋದ ತಿಂಗಳು ಕುರಿ ಕಾಯುವ ಮುದುಕನೊಬ್ಬ ಅವನ ವ್ಯಾನಿನ ಗಾಲಿಯಿಂದ ಕೂದಲೆಳೆಯಲ್ಲಿ ಪಾರಾಗಿದ್ದ. ಅದನ್ನು ಶೆದ್ಲಿ ಹೆಂಡತಿಗೂ ಹೇಳಿರಲಿಲ್ಲ. ಸೊಂಟನೋವಿನ ನೆಪ ಹೇಳಿ ಸಂಜೆಯ ಬಾಡಿಗೆಗಳನ್ನು ತಪ್ಪಿಸಿಕೊಂಡು ತಿರುಗುತ್ತಿದ್ದ.

“ಹೊರಡೋಣ್ವೇನ್ರೋ?” ಎಂದ.

ಕ್ಷೌರಿಕ ಬುರಾವಿ ಅಲ್ಲೇ ಇದ್ದ ರೋಮನ್ನರ ಕಾಲದ ಬಯಲು ರಂಗಮಂದಿರದ ಕಲ್ಲುಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ. “ಈ ಕಲ್ಲುಗಳು ಎರಡು ಸಾವಿರ ವರ್ಷದಿಂದ ಇಲ್ಲೇ ಕೂತಿವೆ. ನಿಂಗೊಂದು ಗಳಿಗೆ ಕೂರಕ್ಕಾಗಲ್ವಾ? ಹೆಂಡ್ತಿ ಅಗಳಿ ಹಾಕ್ಕೊಂಡ್ಬಿಡ್ತಾಳೆ ಅಂತ ಭಯಾನಾ?”

“ಚಹಾ ಕುದೀತಾ ಇದೆ, ಸುಮ್ನಿರು,” ಎಂದ ತಿಜಾನಿ, ಪುಟ್ಟ ಒಲೆಗೆ ಗಾಳಿ ತಾಗದಂತೆ ಕೈ ಅಡ್ಡ ಹಿಡಿಯುತ್ತಾ. ಅವನು ಸರಕಾರಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ನಿವೃತ್ತನಾದವನು, ಯಾವುದಕ್ಕೂ ಅವಸರವಿಲ್ಲ.

ಚಹಾ ಆಯಿತು. ಆಮೇಲೆ ಬುರಾವಿ ಕೆಳಗಿಳಿದು, ರಂಗದ ನಡುವೆ ನಿಂತು ಮದುವೆ ಹಾಡು ತೆಗೆದ. ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು. ತಿಜಾನಿ ನಗುತ್ತಾ ಚಪ್ಪಾಳೆ ತಟ್ಟಿದ. ಶೆದ್ಲಿ ಮಾತ್ರ ಬೆಟ್ಟದ ರಸ್ತೆಯತ್ತ ನೋಡಿದ. ಈಗ ಹೊರಟರೆ ಬೆಟ್ಟದ ತಿರುವು ಬೆಳಕಿರುವಾಗಲೇ ದಾಟಬಹುದು. ಇನ್ನೊಂದು ಹಾಡಾದರೆ ಆಗುವುದಿಲ್ಲ. ಬುರಾವಿ ಇನ್ನೊಂದು ಹಾಡಿದ.

ಅವರು ವ್ಯಾನ್ ಹತ್ತುವಾಗ ಪಡುವಣದಲ್ಲಿ ಕೆಂಪಷ್ಟೇ ಉಳಿದಿತ್ತು. ಶೆದ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಬಾಗಿ ಓಡಿಸಿದ. ಹಿಂದೆ ಬುರಾವಿಯ ಹರಟೆ ನಿಂತಿರಲಿಲ್ಲ. ಮೊದಲ ತಿರುವಿನಲ್ಲೇ ಲಾರಿಯೊಂದು ಎದುರಾಯಿತು. ಬೆಳಕು ಕಣ್ಣು ತುಂಬಿತು. ರಸ್ತೆ ಎಲ್ಲಿ, ಹಳ್ಳ ಎಲ್ಲಿ, ತಿಳಿಯಲಿಲ್ಲ. ಅವನು ಬ್ರೇಕ್ ಒತ್ತಿದ. ಹಾರ್ನ್ ಕಿರುಚಿಸುತ್ತಾ ಲಾರಿ ದಾಟಿಹೋಯಿತು. ವ್ಯಾನಿನ ಒಂದು ಗಾಲಿ ಕಲ್ಲುಮಣ್ಣಿನ ಮೇಲೆ ನಿಂತಿತ್ತು.

“ಏನಾಯ್ತೋ?” ಎಂದ ತಿಜಾನಿ.

ಶೆದ್ಲಿ ಎಂಜಿನ್ ಆರಿಸಿದ. “ನಂಗೆ ಕಾಣಲ್ಲ ಕಣ್ರೋ. ಕತ್ತಲಾದ್ರೆ ಏನೂ ಕಾಣಲ್ಲ.”

ಬುರಾವಿ ಏನೋ ತಮಾಷೆಗೆ ಬಾಯಿ ತೆರೆದವನು ಮುಚ್ಚಿಕೊಂಡ. ತಿಜಾನಿ ಇಳಿದು ಬಂದು ಚಾಲಕನ ಬಾಗಿಲು ತೆಗೆದ.

“ಆ ಕಡೆ ಸರಿ. ಆದ್ರೆ ಬಯ್ಯಬೇಡ, ನಂಗೆ ಟ್ರ್ಯಾಕ್ಟರ್ ವೇಗವೇ ಗೊತ್ತಿರೋದು.”

ದಾರಿಯುದ್ದಕ್ಕೂ ಶೆದ್ಲಿಯ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸಿ ಬೈದುಕೊಂಡು ಮುಂದೆ ಹೋದವು. ಕೆಫ್‌ನ ದೀಪಗಳು ಮಸುಕು ಮಸುಕಾಗಿ ಕಂಡಾಗಷ್ಟೇ ಅವನು ಸೀಟಿಗೆ ಒರಗಿದ.

ಮರುದಿನ ಬುರಾವಿ ಈ ಸುದ್ದಿಯನ್ನು ಇಡೀ ಕಾಫಿ ಅಂಗಡಿಗೆ ಹಂಚಿದ. ಶೆದ್ಲಿ ಅವನ ಜೊತೆ ಮಾತು ಬಿಟ್ಟ. ಆದರೂ ಟ್ಯುನಿಸ್‌ನ ಕಣ್ಣಾಸ್ಪತ್ರೆಗೆ ಹೋಗುವ ದಿನ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಬುರಾವಿಯೇ ಇದ್ದ, ದಾರಿಯುದ್ದಕ್ಕೂ ಒದರುತ್ತಾ. ಪೊರೆ ತೆಗೆದ ಮೇಲೆ ಒಂದು ಕಣ್ಣು ಸರಿಹೋಯಿತು, ಇನ್ನೊಂದು ಅಷ್ಟಕ್ಕಷ್ಟೆ. ಈಗ ಶೆದ್ಲಿ ಹಗಲು ಮಾತ್ರ ಗಾಡಿ ತೆಗೆಯುತ್ತಾನೆ. ಸಂಜೆಗೆ ಯಾರಾದರೂ ಕರೆದರೆ ಸೊಂಟದ ಮಾತೆತ್ತುವುದಿಲ್ಲ, ಕತ್ತಲಲ್ಲಿ ಕಾಣಲ್ಲ ಎಂದೇ ಹೇಳುತ್ತಾನೆ.