ಬಿಸಿಲಲ್ಲಿ ಆಡಿದ ವೈಪರ್

ಇವತ್ತು ಸೌದಿಯ ಜುಬೈಲಿನಲ್ಲಿ ಅಪರೂಪದ ಮಳೆ. ವೈಪರಿನ ಕಿರುಗುಟ್ಟುವಿಕೆ ಕೇಳಿ, ಚಿಕ್ಕವಳಿದ್ದಾಗ ರಜೆಗೆ ಹೋಗಿದ್ದ ಶ್ರೀಲಂಕಾದ ಬೆಟ್ಟದ ರಸ್ತೆ ನೆನಪಾಯಿತು. ರಸ್ತೆಯ ಬಲಬದಿಯಲ್ಲಿ ಹೋಗುವ ಸೌದಿಯಲ್ಲೇ ಕಾರು ಓಡಿಸಲು ಕಲಿತಿದ್ದ ಅಪ್ಪನಿಗೆ, ಎಡಬದಿಯಲ್ಲಿ ಹೋಗಬೇಕಾದ ಅಲ್ಲಿ ಎಡಬಲವೆಲ್ಲ ಅದಲುಬದಲು. ಪ್ರತಿ ತಿರುವಿನಲ್ಲೂ ಇಂಡಿಕೇಟರ್ ಎಂದು ವೈಪರ್ ಹಾಕುತ್ತಿದ್ದರು.

"ಈ ಬಿಸಿಲಿಗೆ ಮಳೆ ಎಲ್ಲುಂಟು ಮಾರಾಯ್ರೆ?" ಎಂದು ಅಮ್ಮ ಕೇಳುವಷ್ಟರಲ್ಲಿ ನಮ್ಮ ಕಾರು ತಪ್ಪು ಬದಿಗೆ ಹೋಗಿ ಬಸ್ಸೊಂದರ ಎದುರೇ ನಿಂತಿತು. ಗಾಬರಿಗೆ ಅಪ್ಪ ಅರಬ್ಬಿಯಲ್ಲಿ ಕ್ಷಮೆ ಕೇಳಿದರು.

ಇಳಿದು ಬಂದ ಬಸ್ ಡ್ರೈವರ್ ನಕ್ಕು, ಅರಬ್ಬಿಯಲ್ಲೇ, "ಸೌದಿಯಿಂದಲಾ? ನಾನೂ ದಮ್ಮಾಮಿನಲ್ಲಿದ್ದೆ. ಪಕ್ಕದ ಸೀಟಿಗೆ ಸರಿಯಿರಿ" ಎಂದು ತಾನೇ ನಮ್ಮ ಕಾರನ್ನು ತಿರುವು ದಾಟಿಸಿದ.

"ಬೆಟ್ಟದ ಕೆಳಗಿನವರೆಗೂ ಕಾರು ನೀವೇ ಬಿಡಿ ಅಣ್ಣಾ," ಅಮ್ಮ ಕನ್ನಡದಲ್ಲೇ ಬೇಡಿಕೊಂಡರು.

ಈಗ ಕಾರು ಓಡಿಸುವವಳು ನಾನು. ಪಕ್ಕದಲ್ಲಿ ಕುಳಿತ ಅಪ್ಪ, "ಮೆಲ್ಲ ಹೋಗು ಮಗಾ, ನಿನಗೆ ಅನುಭವ ಸಾಲದು" ಎನ್ನುತ್ತಿದ್ದಾರೆ.