ಬಹುವಚನದ ಗಂಡ

ಟೈಲರಮ್ಮನ ಗಂಡ ಬಸ್ ಡ್ರೈವರ್ ಆಗಿದ್ದವನು, ಮಹಾ ಬಾಯಿಬಡುಕ. ಪಾರ್ಶ್ವವಾಯು ಹೊಡೆದು ಕೈಕಾಲೂ ಹೋದವು, ಮಾತೂ ಹೋಯಿತು. ಉಳಿದದ್ದು ಕಣ್ಣೆರಡೇ. ಮಗಳು ಒಂದು ಕಂಪ್ಯೂಟರ್ ತಂದು ಮಂಚದ ಎದುರು ಇಟ್ಟಳು. ಅವನು ಪರದೆಯ ಅಕ್ಷರಗಳನ್ನು ನೋಡಿದರೆ ಕ್ಯಾಮೆರಾ ಕಣ್ಣನ್ನು ಹಿಂಬಾಲಿಸುವುದು, ಸಾಫ್ಟ್‌ವೇರ್ ಅದನ್ನು ಮಾತು ಮಾಡಿ ಹೇಳುವುದು. ಕ್ಯಾಮೆರಾ ಒಂದು ಕಂಪನಿಯದು, ಸಾಫ್ಟ್‌ವೇರ್ ಇನ್ನೊಂದರದು.

ಪುಣ್ಯಾತ್ಮ ಮೊದಲು ಕೂಡಿಸಿದ ಮಾತೇ, "ಏ ಗಯ್ಯಾಳಿ, ಎಲ್ ಹಾಳಾಗ್ ಹೋಗಿದ್ದೆ?" ಟೈಲರಮ್ಮ ಕತ್ತರಿ ಕೆಳಗಿಟ್ಟು ಗೊಳೋ ಎಂದು ಅತ್ತಳು. ಅವಳ ಗಂಡ ವಾಪಸ್ಸು ಬಂದಿದ್ದ! ಆಮೇಲೆ ಬಯ್ಗುಳಗಳನ್ನೆಲ್ಲ ಒಂದೊಂದಾಗಿ ಕೂಡಿಟ್ಟುಕೊಂಡ. ಒಂದು ನೋಟಕ್ಕೆ ಒಂದು ಬಯ್ಗುಳ. ಅವಳೂ ಹೊಲಿಗೆ ಮಿಷಿನ್ ತುಳಿಯುತ್ತಲೇ ತಿರುಗೇಟು ಕೊಡುತ್ತಿದ್ದಳು. ಮನೆ ಮತ್ತೆ ಮನೆಯಾಯಿತು.

ಒಂದು ಬೆಳಿಗ್ಗೆ ಪರದೆಯ ಮೇಲೆ "ಹೊಸ ಆವೃತ್ತಿ ಲಭ್ಯವಿದೆ" ಎಂದು ಬಂತು. ಕೆಳಗೆ "ಸರಿ", "ರದ್ದು" ಎಂಬ ಎರಡು ಗುಂಡಿ. ರದ್ದು ಅಂದರೆ ಎಲ್ಲಿ ಇರುವುದೂ ಹೋಗುತ್ತದೋ ಎಂದು ಹೆದರಿ ಟೈಲರಮ್ಮ "ಸರಿ" ಒತ್ತಿದಳು. ಅಷ್ಟೇ. ಕ್ಯಾಮೆರಾ ಕಣ್ಣನ್ನು ನೋಡುತ್ತಲೇ ಇತ್ತು, ಸಾಫ್ಟ್‌ವೇರ್ ಅದರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗಳು ಎರಡೂ ಕಡೆ ಫೋನು ಮಾಡಿದಳು. "ನಮ್ದೇನೂ ತಪ್ಪಿಲ್ಲ ಮೇಡಂ, ಅವ್ರೇ ನಮ್ಮನ್ನ ಕೈಬಿಟ್ಟಿದ್ದು" ಎಂದರು ಕ್ಯಾಮೆರಾದವರು. "ಇನ್ಮೇಲೆ ನಮ್ಮ ಕ್ಯಾಮೆರಾನೇ ಬೇಕು. ಹಳೇದಕ್ಕೆ ವಾಪಸ್ ಹೋಗೋಕಾಗಲ್ಲ" ಎಂದರು ಸಾಫ್ಟ್‌ವೇರಿನವರು. ಆ ಕ್ಯಾಮೆರಾ ಇವರ ಕೈಗೆ ಎಟುಕುವಂಥದ್ದಲ್ಲ.

ಟೈಲರಮ್ಮ ಫೋನು ಕಿತ್ತುಕೊಂಡಳು. "ನೀವ್ ನೀವು ಕಿತ್ತಾಡ್ಕೊಂಡು ನನ್ ಗಂಡನ ಬಾಯಿ ಮುಚ್ಚಿಸ್ತೀರೇನ್ರೀ? ನನ್ ಮಿಷಿನ್ನಿಗೆ ಯಾವ ಕಂಪನಿ ಸೂಜಿ ಆದ್ರೂ ಕೂರುತ್ತೆ!"

"ನಿಮ್ಮ ದೂರು ದಾಖಲಾಗಿದೆ" ಎಂದಿತು ಆ ಕಡೆಯ ದನಿ.

ಕೊನೆಗೆ ಕ್ಯಾಮೆರಾದವರು ತಮ್ಮದೇ ಸಾಫ್ಟ್‌ವೇರ್ ಪುಕ್ಕಟೆ ಕೊಟ್ಟರು. ಹಳೆಯ ಮಾತುಗಳು ಅದಕ್ಕೆ ಬರುವುದಿಲ್ಲ. ಅಕ್ಷರ ಕೂಡಿಸುವ ಸೌಲಭ್ಯ ಇವರ ಭಾಷೆಗೆ ಇನ್ನೂ ಆಗಿಲ್ಲವಂತೆ. ಇರುವುದೆಲ್ಲ ಸಿದ್ಧ ವಾಕ್ಯಗಳು, ಅದೂ ಶುದ್ಧ ಬಹುವಚನದಲ್ಲಿ.

"ದಯವಿಟ್ಟು ದಿಂಬನ್ನು ಸರಿಪಡಿಸಿ" ಎಂದ ಗಂಡ. ಮದುವೆಯಾದಂದಿನಿಂದ ಒಂದು ದಿನವೂ ಗಂಡನ ಬಾಯಲ್ಲಿ ಬಹುವಚನ ಕೇಳದ ಹೆಂಗಸು, ದಿಂಬು ಸರಿಮಾಡಿ ಪರರ ಮನೆಗೆ ಬಂದವಳಂತೆ ಮಂಚದಿಂದ ದೂರ ಸರಿದು ನಿಂತಳು.

ಹೇಗಾದರೂ ಅವನಿಂದ ಬಯ್ಸಿಕೊಳ್ಳಬೇಕು ಎಂದು ಅವಳಿಗೆ ಹಟ ಹತ್ತಿತು. ಬೇಕೆಂದೇ ಕೆಣಕಿದಳು. "ರೀ, ನಿಮ್ ಹಳೇ ಬಸ್ಸು ಗುಜರಿಗೆ ಹಾಕಿದ್ರಂತೆ. ಹಾಕ್ದೇ ಇನ್ನೇನು, ಓಡಿಸಿದೋರು ಎಂಥೋರು!"

ಅವನ ಮುಖ ಕೆಂಪಗಾಯಿತು. ಕಣ್ಣು ಪರದೆಯ ಮೂಲೆಮೂಲೆಯನ್ನೂ ತಡಕಿತು.

"ನಿಮ್ಮ ಮಾತಿನಿಂದ ಬೇಸರವಾಗಿದೆ. ಧನ್ಯವಾದಗಳು" ಎಂದಿತು ಯಂತ್ರ.

ಟೈಲರಮ್ಮ ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಅಳು ಒತ್ತರಿಸಿ ಬಂತು. "ಬಯ್ರೀ ಅಂದ್ರೆ ಬಯ್ಯೋಕೂ ಆಗಲ್ವೇನ್ರೀ?" ಎಂದು ಅವನ ಎದೆಯ ಮೇಲೆ ತಲೆಯಿಟ್ಟಳು. ಅವನ ಕಣ್ಣೂ ತುಂಬಿಬಂತು. ತುಂಬಿದ ಕಣ್ಣು ಎತ್ತ ಹೊರಳಿತೋ, ಕ್ಯಾಮೆರಾಕ್ಕೆ ಏನು ಕಂಡಿತೋ, ಯಂತ್ರ ಸ್ಪಷ್ಟವಾಗಿ ಕೇಳಿತು: "ತಾವು ಯಾರು?"

ಇನ್ನೊಂದು ಮಾತು ಹೊರಬಿದ್ದುಬಿಟ್ಟೀತೆಂದು ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಟೈಲರಮ್ಮ ಎಷ್ಟು ಕರೆದರೂ ತೆರೆಯಲಿಲ್ಲ.